ಜನವರಿ ಸಭೆಯ ಹಾಜರಿ

ನೀಲಗಂಗಾಗೆ ಜರ್ಮನ್ ಬರುತ್ತಿರಲಿಲ್ಲ. ಫ್ರೆಂಚೂ ಬರುತ್ತಿರಲಿಲ್ಲ. ಕನ್ನಡ, ಉರ್ದು, ಮರಾಠಿ, ಹಿಂದಿ ಬರುತ್ತಿದ್ದವು. ಯೂರೋಪಿನ ಮೊದಲ ಮಹಾಯುದ್ಧದ ಬಗ್ಗೆ ಪಿಎಚ್.ಡಿ. ಮಾಡಲು ಡೆಟ್ರಾಯಿಟ್‌ಗೆ ಬಂದವಳಿಗೆ ಈ ನಾಲ್ಕೂ ಸೇರಿ ನಾಲ್ಕಾಣೆಗೆ ಬಾಳುತ್ತಿರಲಿಲ್ಲ.

ಇತಿಹಾಸ ವಿಭಾಗದವರು ಮೊದಲ ವರ್ಷವೇ ಸಮಾಧಾನದಿಂದ ಹೇಳಿ ನೋಡಿದರು. ಇಂಡಿಯಾದ ಬಗ್ಗೆ ಬರೆಯಿರಿ, ಭಾಷೆ ಕೈಯಲ್ಲೇ ಇದೆ, ಮೂರು ವರ್ಷಕ್ಕೆ ಮುಗಿಯುತ್ತದೆ ಎಂದರು. ಅವಳು ಒಲ್ಲೆ ಎಂದಳು. ನಮ್ಮ ಭಾಷೆ ಬಾರದ ಎಷ್ಟೋ ಸಾಹೇಬರು ನಮ್ಮ ಇತಿಹಾಸ ಬರೆದಿದ್ದಾರೆ, ಅವರಿಗೆ ಯಾರೂ ಬೇಡ ಅಂದಿರಲಿಲ್ಲವಲ್ಲ ಎಂಬುದು ಅವಳ ವಾದ. ವಾದ ಸರಿಯಾಗಿತ್ತು. ಕೆಲಸಕ್ಕೆ ಬರಲಿಲ್ಲ.

ಧಾರವಾಡದ ಹಾಸ್ಟೆಲಿನಲ್ಲಿದ್ದುಕೊಂಡು ಓದಿ ಅವಳು ಎಂ.ಎ.ಯಲ್ಲಿ ಮೊದಲ ರ‍್ಯಾಂಕ್ ಬಂದದ್ದು ಪಾಯಿಂಟುಗಳಿಂದ. ಮಹಾಯುದ್ಧದ ಪರಿಣಾಮಗಳು: ಒಂದು, ನಾಲ್ಕು ಸಾಮ್ರಾಜ್ಯಗಳು ಅಳಿದವು. ಎರಡು, ಹೊಸ ರಾಷ್ಟ್ರಗಳು ಹುಟ್ಟಿದವು. ಮೂರು, ಸರ್ಕಾರದ ಕೈ ಪ್ರಜೆಗಳ ಮನೆಯೊಳಗೆ ಚಾಚಿತು. ಹೀಗೆ ಹನ್ನೆರಡು. ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಟ್ಟಾಗ ಅವಳ ಪ್ರೊಫೆಸರು ಪ್ರತಿ ಪಾಯಿಂಟಿನ ಪಕ್ಕ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದರು: ಯಾರಿಗೆ ಏನಾಯಿತು? ಹನ್ನೆರಡು ಸಲ ಬರೆದರು. ಆಮೇಲೆ ಗಡುವು ಕೊಟ್ಟರು. 1972ರ ಮೇ ಒಂದರೊಳಗೆ, ಬೇರೆ ಯಾರೂ ನೋಡಿರದ ದಾಖಲೆಯ ಮೇಲೆ ಬರೆದ ಒಂದು ಅಧ್ಯಾಯ ಬೇಕು. ದಾಖಲೆಯ ಒಡೆಯರ ಸಹಿ ಇರುವ ಒಪ್ಪಿಗೆ ಪತ್ರವೂ ಬೇಕು. ಇಲ್ಲವಾದರೆ ಅಸಿಸ್ಟೆಂಟ್‌ಶಿಪ್ ಮುಗಿಯುತ್ತದೆ. ಅದು ಮುಗಿದರೆ ವೀಸಾ ಮುಗಿಯುತ್ತದೆ. ವೀಸಾ ಮುಗಿದರೆ ವಾಪಸು ತನ್ನೂರು ಸುರಪುರ.

ದಾಖಲೆಯ ಸುಳಿವು ಸಿಕ್ಕಿದ್ದು ರೇವಣಪ್ಪನ ಬಾಯಿಂದ. ಬಾಗಲಕೋಟೆ ಕಡೆಯ ಈ ಎಂಜಿನಿಯರ್ ಅಲ್ಲಿನ ಒಂದು ಕಾರು ಕಾರ್ಖಾನೆಯಲ್ಲಿದ್ದ. ತಿಂಗಳಿಗೊಮ್ಮೆ ನೀಲಗಂಗಾಳನ್ನು ಮನೆಗೆ ಕರೆದು, ಹೆಂಡತಿ ಜಯದೇವಿಯ ಕೈಯಿಂದ ರೊಟ್ಟಿ ಹಾಕಿಸಿ, ಜೊತೆಗೆ ಚುಚ್ಚುಮಾತನ್ನೂ ಬಡಿಸುತ್ತಿದ್ದ.

“ಜರ್ಮನಿ ಎರಡ ಸಲ ಸೋತು ಎರಡ ಸಲ ಎದ್ದು ನಿಂತೈತಿ, ತಂಗಿ. ನಿಂದಿನ್ನೂ ಒಂದ ಚಾಪ್ಟರ್ ಎದ್ದು ನಿಂದ್ರವಲ್ದು.”

“ಜರ್ಮನಿಗೆ ದಾಖಲೆ ಬೇಕಾಗಿರಲಿಲ್ಲರೀ ಅಣ್ಣಾರ. ನನಗ ಬೇಕು.”

“ಎಂಥಾ ದಾಖಲೆ? ಹಳೇ ಕಾಗದಾ? ನಮ್ಮ ಶಾಪಿನ್ಯಾಗ ಒಬ್ಬ ಹಂಗೇರಿ ಮನಷ್ಯಾ ಅದಾನ. ಅವರ ಕಾಕಾನ ಮನ್ಯಾಗ ಒಂದ ಟ್ರಂಕ್ ತುಂಬ ಹಳೇ ಬುಕ್ಕ ಅದಾವಂತ. ಯಾರಿಗೂ ಬ್ಯಾಡಾಗ್ಯಾವಂತ.”

“ಇಷ್ಟ ದಿನಾ ಹೇಳಾಕ ಏನಾಗಿತ್ರಿ ನಿಮಗ?” ಎಂದಳು ಜಯದೇವಿ.

“ಈಕಿ ಎಲ್ಲಿ ಕೇಳಿದ್ಲು? ಬಂದಾಗೊಮ್ಮೆ ಸಾಮ್ರಾಜ್ಯ, ಸಾಮ್ರಾಜ್ಯ ಅಂತಿದ್ಲು. ಟ್ರಂಕ್ ಬೇಕು ಅಂದಿದ್ರ ಅವತ್ತ ಹೇಳ್ತಿದ್ದೆ.”

ಮುಂದಿನ ಶನಿವಾರ ರೇವಣಪ್ಪ ಅವಳನ್ನು ಕಾರಿನಲ್ಲಿ ಡೆಲ್‌ರೇಗೆ ಕರೆದೊಯ್ದ. ನದಿ ದಂಡೆಯ ಆ ಬಡಾವಣೆ ಹಿಂದೆ ಹಂಗೇರಿಯಿಂದ ಬಂದವರ ಊರೇ ಆಗಿತ್ತು. ಈಗ ಒಂದಷ್ಟು ಹೆದ್ದಾರಿಗೆ ಹೋಗಿತ್ತು, ಒಂದಷ್ಟು ಕೊಳಚೆನೀರಿನ ಘಟಕಕ್ಕೆ ಹೋಗಿತ್ತು. ಉಳಿದದ್ದರಲ್ಲಿ ಒಂದು ಸಹಾಯಕ ಸಂಘದ ಹಾಲ್ ಇತ್ತು. ಕಾಯಿಲೆ ಬಿದ್ದ ಸದಸ್ಯನಿಗೆ ಔಷಧಿ, ಸತ್ತವನಿಗೆ ಮಣ್ಣು, ಇಷ್ಟನ್ನು ನೋಡಿಕೊಳ್ಳಲು ಕೂಲಿಕಾರರು ಕಟ್ಟಿಕೊಂಡ ಸಂಘ. ಏಪ್ರಿಲಿನಲ್ಲಿ ಹಾಲನ್ನು ಕೆಡವುತ್ತೇವೆಂದು ನೋಟೀಸು ಅಂಟಿಸಿದ್ದರು.

ರೇವಣಪ್ಪ ಹೇಳಿದ ಕಾಕಾ ಇವನೇ, ಸಂಘದ ಕೊನೆಯ ಕಾರ್ಯದರ್ಶಿ ಬಾಲೋಗ್. ವಯಸ್ಸು ಎಪ್ಪತ್ತೆಂಟು. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಉಕ್ಕಿನ ಕುಲುಮೆಯ ಮುಂದೆ ಅರ್ಧ ಆಯುಷ್ಯ ಕಳೆದು ಎಡಗಣ್ಣು ಮಂಜಾಗಿತ್ತು. ಅವನ ಅಡಿಗೆಮನೆಯಲ್ಲಿ, ಮೇಜಿನ ಕೆಳಗೆ ಟ್ರಂಕ್. ಅದರಲ್ಲಿ ಸಂಘದ ಸಭೆಗಳ ಹನ್ನೆರಡು ನಡಾವಳಿ ಪುಸ್ತಕ. ಅವನ ಷರತ್ತು ಸರಳವಾಗಿತ್ತು. ಪುಸ್ತಕ ಅಡಿಗೆಮನೆ ದಾಟುವಂತಿಲ್ಲ. ತಾನು ಓದಿ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಅವಳು ಬರೆದುಕೊಳ್ಳಬೇಕು. ಓದು ಮುಗಿದ ದಿನ ಒಪ್ಪಿಗೆ ಪತ್ರಕ್ಕೆ ಸಹಿ.

ಚಳಿಗಾಲವಿಡೀ ಹೀಗೇ ನಡೆಯಿತು. ಹೊರಗೆ ನೀರು ಹೆಪ್ಪುಗಟ್ಟುವ ಹದಿನೈದು ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ ನೀಲಗಂಗಾ ಪ್ರತಿ ಶನಿವಾರ ಎರಡು ಬಸ್ಸು ಬದಲಾಯಿಸಿ ಹತ್ತಕ್ಕೆ ಬಾಗಿಲು ತಟ್ಟುತ್ತಿದ್ದಳು. ಮುದುಕ ಭೂತಗನ್ನಡಿ ಹಿಡಿದು, ತನ್ನದೇ ಯೌವನದ ಕೈಬರಹವನ್ನು ನಿಧಾನ ಓದಿ, ಮುರುಕು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. 1914ರ ಆಗಸ್ಟ್: ರಾಜನಿಗೆ ಜಯಘೋಷ. ಎಂಟು ಜನ ಊರಿಗೆ ಮರಳಿ ಸೈನ್ಯ ಸೇರಲು ಹೊರಟರು, ಹಡಗು ಸಿಗಲಿಲ್ಲ. 1916: ಮುದಿ ರಾಜ ಸತ್ತ, ಗೋಡೆಯ ಮೇಲಿನ ಅವನ ಪಟಕ್ಕೆ ಕರಿ ಬಟ್ಟೆ. 1917: ಅಮೆರಿಕವೂ ಯುದ್ಧಕ್ಕೆ ಇಳಿಯಿತು. ಪಟ ತೆಗೆಯಬೇಕೋ ಬೇಡವೋ ಎಂದು ಮೂರು ತಾಸು ಜಗಳವಾಗಿ, ಪಟ ತೆಗೆದು ಅದೇ ಮೊಳೆಗೆ ಅಮೆರಿಕದ ಬಾವುಟ. 1918: ಫ್ಲೂ. ಹನ್ನೊಂದು ಸಾವು, ಹನ್ನೊಂದು ಹೂಚಕ್ರ, ಒಂದೊಂದಕ್ಕೂ ಒಂದೊಂದು ಸಾಲು. ಆಮೇಲೆ ಅಲ್ಲಿ ಹಂಗೇರಿಯಲ್ಲಿ ರಾಜ್ಯವೇ ಹೋಯಿತು. ಹೊಸ ಗಣರಾಜ್ಯಕ್ಕೆ ಅಭಿನಂದನೆಯ ಟೆಲಿಗ್ರಾಂ ಕಳಿಸಿದರು. ನಾಲ್ಕೇ ತಿಂಗಳಿಗೆ ಇನ್ನೊಂದು ಸರ್ಕಾರ ಬಂತು, ಅದಕ್ಕೂ ಒಂದು ಕಳಿಸಿದರು. ಬೇಸಿಗೆ ಮುಗಿಯುವುದರೊಳಗೆ ಅದೂ ಬಿತ್ತು.

“ಆಮೇಲೆ ಟೆಲಿಗ್ರಾಂ ಕಳಿಸುವುದೇ ಬೇಡ ಅಂತ ಠರಾವು ಮಾಡಿದೆವು,” ಎಂದ ಬಾಲೋಗ್. “ತಂತಿಗಿಂತ ಸರ್ಕಾರ ಬೇಗ ಓಡುತ್ತಿತ್ತು.”

ನೀಲಗಂಗಾ ನಕ್ಕು ಬರೆದುಕೊಂಡಳು. ಅವಳು ಪ್ರಶ್ನೆ ಕೇಳುತ್ತಿರಲಿಲ್ಲ. ಹಿರಿಯರು ಹೇಳುವಾಗ ನಡುವೆ ಬಾಯಿ ಹಾಕಬಾರದು ಎಂದು ಬೆಳೆದವಳು. ಅದು ಮುದುಕನಿಗೂ ಹಿಡಿಸಿತ್ತು. “ನೀನು ಒಳ್ಳೆಯ ಹುಡುಗಿ. ನನ್ನ ಮೊಮ್ಮಕ್ಕಳ ಹಾಗೆ ವಕೀಲಿ ಮಾಡುವುದಿಲ್ಲ,” ಎನ್ನುತ್ತಿದ್ದ. ಅವಳಿಗೂ ಅದು ಹೆಮ್ಮೆಯೇ ಆಗಿತ್ತು.

ಮಾರ್ಚಿನಲ್ಲಿ ಮೂರನೆಯ ಪುಸ್ತಕ ಮುಗಿಯಿತು. 1920ರ ಕೊನೆಯವರೆಗೆ ಬಂದಿದ್ದರು. ಅಧ್ಯಾಯಕ್ಕೆ ಅಷ್ಟು ಸಾಕು, ಮುಂದಿನ ಶನಿವಾರವೇ ಸಹಿ ಎಂದು ಬಾಲೋಗ್ ಒಪ್ಪಿದ್ದ. ಜಯದೇವಿಯ ಊಟದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ನಲವತ್ತು ಪುಟ ಹೊಡೆದಳು. ನಲವತ್ತೊಂದನೆಯದರಲ್ಲಿ ಕೈ ನಿಂತಿತು.

ಹಾಸ್ಟೆಲಿನಲ್ಲಿ ಎರಡು ವರ್ಷ ಅವಳು ಮೆಸ್ಸಿನ ಸೆಕ್ರೆಟರಿ. ಇಂದು ಎಷ್ಟು ಜನ ಉಣ್ಣುತ್ತಾರೆಂದು ದಿನಾ ಹಾಜರಿ ನೋಡಿ ಅಡಿಗೆಯವಳಿಗೆ ಹೇಳಬೇಕಿತ್ತು. ತಪ್ಪಿದರೆ ಯಾರಿಗೋ ರೊಟ್ಟಿ ಇಲ್ಲ. ಆ ಚಾಳಿ ಬಿಟ್ಟಿರಲಿಲ್ಲ. ಪ್ರತಿ ಸಭೆಯ ನಡಾವಳಿಯ ಕೆಳಗೆ ಬಲಗಡೆ ಒಂದು ಸಂಖ್ಯೆ, ಹಾಜರಿಯದು, ಇರುತ್ತಿತ್ತು. ಮುದುಕ ಅದನ್ನು ಓದುತ್ತಿರಲಿಲ್ಲ. ಅಂಕಿ ಓದಲು ಹಂಗೇರಿಯನ್ ಬರಬೇಕಾಗಿರಲಿಲ್ಲ. ಅವಳೇ ನೋಡಿ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದಳು. 1919ರ ಡಿಸೆಂಬರ್: 61. 1920ರ ಜನವರಿ: 47. ಫೆಬ್ರವರಿ: 47. ಆಮೇಲೂ ಅದು ಏರಲಿಲ್ಲ.

ಹದಿನಾಲ್ಕು ಜನ ಒಂದೇ ತಿಂಗಳಲ್ಲಿ ಹೋಗಿದ್ದರು. ಹೂಚಕ್ರದ ಸಾಲಿಲ್ಲ. ರಾಜೀನಾಮೆ ಇಲ್ಲ. ಜನವರಿಯದೆಂದು ಮುದುಕ ಓದಿದ್ದು ಎರಡೇ ಸಾಲು: ಒಲೆಗೆ ಕಲ್ಲಿದ್ದಲು ತರಿಸಲಾಯಿತು, ಕಿಟಕಿ ಗಾಜು ಹಾಕಿಸಲಾಯಿತು. ಆ ನಡಾವಳಿ ಎರಡು ಪುಟದಷ್ಟಿತ್ತು ಎಂಬುದು ಅವಳಿಗೆ ಈಗ ನೆನಪಾಯಿತು.

“ನಾಳಿ ಕೇಳ್ತೀನಿ,” ಎಂದಳು.

ರೇವಣಪ್ಪ ಚಹಾದ ಕಪ್ಪು ಕೆಳಗಿಟ್ಟ. “ಸಹಿ ಹಾಕ್ಯಾನ?”

“ಇನ್ನೂ ಇಲ್ಲ.”

“ಮತ್ತ? ಮದಲ ಸಹಿ ಹಾಕಿಸ್ಕೊ, ಆಮ್ಯಾಲ ಏನರ ಕೇಳು. ಹಿರೇ ಮನಷ್ಯಾ ಸಿಟ್ಟಾದ್ರ ಟ್ರಂಕೂ ಇಲ್ಲ, ವೀಸಾನೂ ಇಲ್ಲ. ನಿನಗ ಚಾಪ್ಟರ್ ಬೇಕೋ, ಜಗಳ ಬೇಕೋ?”

“ಸಹಿ ತಗೊಂಡ ಮ್ಯಾಲ ಕೇಳಿದ್ರ ಮೋಸ ಆಗ್ತೈತ್ರಿ. ಕೇಳದ ಇದ್ರ ಚಾಪ್ಟರ್ ಸುಳ್ಳಾಗ್ತೈತಿ.”

“ಈಕಿಗೆ ಹೇಳೂದು ಒಂದ, ಬಂಡಿಗಲ್ಲಿಗೆ ಹೇಳೂದು ಒಂದ,” ಎಂದು ಅವನು ಹೆಂಡತಿಯ ಕಡೆ ನೋಡಿದ.

“ಕೇಳ್ಲಿ ಬಿಡ್ರಿ,” ಎಂದಳು ಜಯದೇವಿ. “ಹದಿನಾಲ್ಕ ಮಂದಿ ಅಂದ್ರ ಹೆಂಡ್ರು ಮಕ್ಕಳು ಇರಲಿಲ್ಲೇನು ಅವರಿಗೆ?”

ಮರುದಿನ ಶನಿವಾರ. ಬಾಲೋಗ್ ಗಸಗಸೆ ತುಂಬಿದ ರೊಟ್ಟಿ ಕೊಯ್ದಿಟ್ಟು ಕಾಯುತ್ತಿದ್ದ. ಒಪ್ಪಿಗೆ ಪತ್ರ ಮೇಜಿನ ಮೇಲಿತ್ತು, ಪಕ್ಕದಲ್ಲಿ ಪೆನ್ನು. ನೀಲಗಂಗಾ ಅದನ್ನು ನೋಡಿದಳು. ಕುಳಿತುಕೊಳ್ಳಲಿಲ್ಲ.

“ಡಿಸೆಂಬರಿನಲ್ಲಿ ಅರವತ್ತೊಂದು ಜನ ಇದ್ದರು. ಜನವರಿಯಲ್ಲಿ ನಲವತ್ತೇಳು. ಹದಿನಾಲ್ಕು ಜನ ಎಲ್ಲಿ ಹೋದರು?”

“ಫ್ಲೂ,” ಎಂದ ಮುದುಕ. ತಡವರಿಸಲೂ ಇಲ್ಲ.

“ಫ್ಲೂ ಬಂದದ್ದು ಹದಿನೆಂಟರಲ್ಲಿ. ಆ ಹನ್ನೊಂದು ಹೂಚಕ್ರವನ್ನೂ ನೀವು ಓದಿದಿರಿ. ಇವರಿಗೆ ಒಂದೂ ಇಲ್ಲ.”

ಅವನು ಭೂತಗನ್ನಡಿ ಮಡಿಸಿಟ್ಟ. “ನಿಮ್ಮ ದೇಶದಲ್ಲಿ ಹುಡುಗಿಯರು ಮುದುಕರನ್ನು ಹೀಗೆ ವಿಚಾರಣೆ ಮಾಡುತ್ತಾರೇನು?”

“ಇಲ್ಲ. ನಮ್ಮ ಊರು ನಿಜಾಮನ ಕೈಯಲ್ಲಿತ್ತು. ನಲವತ್ತೆಂಟರಲ್ಲಿ ಒಂದೇ ವಾರಕ್ಕೆ ಸರ್ಕಾರ ಬದಲಾಯಿತು. ಆಗ ಊರಲ್ಲಿ ಏನೇನಾಯಿತು ಅಂತ ಅಪ್ಪನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ. ನಾನೂ ಕೇಳುವುದು ಬಿಟ್ಟೆ. ಅವನು ಸತ್ತ. ಈಗ ಹೇಳುವವರಿಲ್ಲ.”

ಹೊರಗೆ ಲಾರಿಯೊಂದು ಹೋಗಿ ಗಾಜುಗಳು ಅದುರಿದವು. ಬಾಲೋಗ್ ಬಗ್ಗಿ ಟ್ರಂಕ್ ಎಳೆದು, ಮೂರನೆಯ ಪುಸ್ತಕ ತೆಗೆದು, ಪುಟ ಹುಡುಕದೆಯೇ ಸರಿಯಾದ ಜಾಗಕ್ಕೆ ತೆರೆದ.

“ಕೂತುಕೋ. ಬರೆದುಕೋ.”

ಹದಿನಾಲ್ಕು ಹೆಸರು ಓದಿದ. ಪ್ರತಿ ಹೆಸರಿನ ನಂತರ ಅವಳು ಬರೆದು ಮುಗಿಸುವವರೆಗೆ ಕಾದ. ಆಮೇಲೆ ಹೇಳಿದ. ಯುದ್ಧ ಮುಗಿದಿತ್ತು, ಯುದ್ಧಕ್ಕೆಂದು ಮಾಡಿದ ಕಾನೂನುಗಳು ಮುಗಿದಿರಲಿಲ್ಲ. ಡಿಸೆಂಬರಿನಲ್ಲಿ ಹ್ಯಾಟು ಹಾಕಿದ ಇಬ್ಬರು ಸರ್ಕಾರಿ ಗುಪ್ತಚರರು ಮನೆಗೆ ಬಂದರು. ಹಾಲಿನ ಹಿಂದಿನ ಕೋಣೆಯಲ್ಲಿ ಕೂತು ಎಡಪಂಥದ ಪತ್ರಿಕೆ ಓದುವವರು, ಮುಷ್ಕರದ ಮಾತಾಡುವವರು ಯಾರು, ಪಟ್ಟಿ ಕೊಡು ಎಂದರು. ಆಗಲೇ ಕಾರ್ಯದರ್ಶಿಯಾಗಿದ್ದ ಇಪ್ಪತ್ತಾರರ ಬಾಲೋಗನಿಗೆ ಪೌರತ್ವ ಇರಲಿಲ್ಲ, ಹೆಂಡತಿಗೆ ಏಳು ತಿಂಗಳು. ಅವನು ಸುಂದರವಾದ ಅಕ್ಷರದಲ್ಲಿ ಪಟ್ಟಿ ಬರೆದುಕೊಟ್ಟ. ಜನವರಿ ಎರಡರಂದು ಹದಿನಾಲ್ವರನ್ನೂ ಹಿಡಿದರು. ಸರ್ಕಾರದ ಕಟ್ಟಡವೊಂದರ ಕಿಟಕಿಯಿಲ್ಲದ ಓಣಿಯಲ್ಲಿ, ನೂರಾರು ಜನರ ಜೊತೆ, ಬರಿ ಕಲ್ಲಿನ ಮೇಲೆ ಆರು ದಿನ ಇಟ್ಟರು.

“ಆಮೇಲಿನ ಸಭೆಯಲ್ಲಿ ನಾನೇ ಠರಾವು ಓದಿದೆ,” ಎಂದ. “ಈ ಹದಿನಾಲ್ಕು ಜನ ನಮ್ಮ ಸದಸ್ಯರಲ್ಲ, ಎಂದೂ ಆಗಿರಲಿಲ್ಲ. ನಲವತ್ತೇಳು ಕೈ ಮೇಲೆದ್ದವು. ನಾಲ್ವರನ್ನು ಹಡಗು ಹತ್ತಿಸಿ ವಾಪಸು ಕಳಿಸಿದರು. ಎಲ್ಲಿಗೆ ವಾಪಸು? ಅವರು ಬಿಟ್ಟುಬಂದ ಊರು ಅಷ್ಟರಲ್ಲಿ ರುಮೇನಿಯಾ ಆಗಿತ್ತು.”

ಉಳಿದ ಹತ್ತು ಜನರದನ್ನೂ ಒಬ್ಬೊಬ್ಬರಾಗಿ ಹೇಳಿದ. ನೀಲಗಂಗಾ ಕಾಗದದಿಂದ ಪೆನ್ನು ಎತ್ತಲಿಲ್ಲ. ಬರೆಯುತ್ತಲೇ ಇದ್ದಳು.

“ನನ್ನ ಹೆಸರು ಹಾಕುತ್ತೀಯಾ?”

ಇಲ್ಲ ಅನ್ನುವುದು ಸುಲಭವಿತ್ತು. ಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

“ಹಾಕುತ್ತೇನೆ,” ಎಂದಳು. “ಅವರ ಹದಿನಾಲ್ಕು ಹೆಸರೂ ಹಾಕುತ್ತೇನೆ.”

ಮುದುಕ ಪೆನ್ನು ತೆಗೆದುಕೊಂಡ. ಒಪ್ಪಿಗೆ ಪತ್ರದ ಕೆಳಗೆ ಒಂದು ಸಾಲು ಸೇರಿಸಿದ: ಪಟ್ಟಿ ಕೊಟ್ಟದ್ದು ನಾನು. ಅದರ ಕೆಳಗೆ ಸಹಿ. ಮೂರನೆಯ ಪುಸ್ತಕವನ್ನು ಅವಳ ಕಡೆ ತಳ್ಳಿದ. ಉಳಿದ ಹನ್ನೊಂದಿದ್ದ ಟ್ರಂಕನ್ನು ಕಾಲಿನಿಂದ ಒಳಕ್ಕೆ ನೂಕಿದ.

“ಇನ್ನು ಬರಬೇಡ.”

“ಉಳಿದ ಪುಸ್ತಕಗಳು ಬೇಕಾಗಿದ್ದವು,” ಎಂದಳು ನೀಲಗಂಗಾ.

“ಇದು ಬೇಕು ಅಂದೆ, ಕೊಟ್ಟೆ. ಇನ್ನು ಬರಬೇಡ.”

ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಪ್ರೊಫೆಸರು ಅಧ್ಯಾಯ ಒಪ್ಪಿದರು. ಕೆಂಪು ಶಾಯಿ ಒಂದೇ ಕಡೆ ಇತ್ತು: ಜೂನಿನಿಂದ ಜರ್ಮನ್ ಕ್ಲಾಸು, ತಪ್ಪಿಸುವಂತಿಲ್ಲ. ಅವಳು ಅಂದೇ ಹೆಸರು ಬರೆಸಿ ಬಂದಳು. ಅದಾದ ಮೇಲೆ ಹಂಗೇರಿಯನ್ನೂ ಕಲಿಯುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಆ ವಾರವೇ ಹಾಲನ್ನು ಕೆಡವಿದರು. ಬಾಲೋಗ್ ಹಿಂದಿನ ದಿನ, ರೇವಣಪ್ಪನ ಶಾಪಿನಲ್ಲಿದ್ದ ಅಣ್ಣನ ಮಗನ ಕೈಯಿಂದ ಟ್ರಂಕನ್ನು ಹಾಲಿನ ನೆಲಮಾಳಿಗೆಗೆ ಹೊರಿಸಿಟ್ಟಿದ್ದ. ಸುದ್ದಿ ರೇವಣಪ್ಪನಿಗೆ ಮುಟ್ಟಿ, ಅವನು ಶಿಫ್ಟ್ ಬಿಟ್ಟು ಅವಳನ್ನು ಕರೆದುಕೊಂಡು ಓಡಿಬರುವ ಹೊತ್ತಿಗೆ ಕ್ರೇನು ಕೆಲಸ ಮುಗಿಸಿತ್ತು. ನೆಲಮಾಳಿಗೆ ಇಟ್ಟಿಗೆಯಿಂದ ತುಂಬಿ ನೆಲದ ಸಮಕ್ಕೆ ಬಂದಿತ್ತು.

“ಸಿಗಾಂಗಿಲ್ಲ ತಂಗಿ, ನಡಿ,” ಎಂದ ರೇವಣಪ್ಪ. ಈ ಸಲ ಚುಚ್ಚಲಿಲ್ಲ.

ಅವಳು ತಂತಿಬೇಲಿ ಹಿಡಿದು ನಿಂತು ಲೆಕ್ಕ ಹಾಕಿದಳು. ಹಡಗು ಹತ್ತಿಸಿದ್ದು ನಾಲ್ವರನ್ನು. ಕೆಲಸ ಕಳೆದುಕೊಂಡು ಊರು ಬಿಟ್ಟವರು ಆರು. ಓಣಿಯಲ್ಲಿ ಹತ್ತಿದ ನ್ಯುಮೋನಿಯಾದಿಂದ ಸತ್ತವನು ಒಬ್ಬ. ಬಿಡುಗಡೆಯಾಗಿ ಬಂದು ಮತ್ತೆ ಹಾಲಿನ ಮೆಟ್ಟಿಲು ಹತ್ತದವರು ಮೂವರು. ಇಟ್ಟಿಗೆಯ ಕೆಳಗೆ ಪುಸ್ತಕ ಹನ್ನೊಂದು.