ಆಪು ಅಂದರೆ ಆರಿಸೋದಲ್ಲ

"ನೀಲಿದು ಉಡಿಸ್ರಿ, ನೀಲಿದು! ಆ ಹಂಸದ ಅಂಚು ಅವಳು ನಮ್ಮನೆ ಮಗ್ಗಕ್ಕೇ ಅಂತ ಬರೆದಿದ್ದು," ಎಂದು ಮಂಜಮ್ಮ ಸೀರೆಯ ಒಂದು ತುದಿ ಹಿಡಿದು ಎಳೆದಳು.

"ನಿಮ್ಮನೆ ಮಗ್ಗಕ್ಕಂತೆ! ಕೇಳ್ರವ್ವ ಇದನ್ನ. ಹಂಸ ಮೊದಲು ನೇಯ್ದಿದ್ದು ನಮ್ಮ ಮಾವ," ಎಂದು ಎದುರುಮನೆಯವಳು ತನ್ನ ಕೆಂಪು ಸೀರೆಯನ್ನು ಹೆಣದ ಕಾಲ ಮೇಲೆ ಹರಡಿಯೇಬಿಟ್ಟಳು.

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಬೆಳಗಿನ ಹತ್ತು ಗಂಟೆಗೆ ಇಂಥ ಜಗಳ. ಗೋವಿಂದಮ್ಮ ನಿನ್ನೆ ಮಧ್ಯಾಹ್ನ ನೇಕಾರರ ಸೊಸೈಟಿಯ ಕಂಪ್ಯೂಟರಿನ ಮುಂದೆ ಎದೆ ಹಿಡಿದುಕೊಂಡವಳು, ಚಳ್ಳಕೆರೆ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಇಪ್ಪತ್ತು ವರ್ಷದಿಂದ ಈ ಬೀದಿಯ ಸೀರೆಗಳಿಗೆ ಹಂಸ, ಗಿಳಿ, ಮಾವಿನಕಾಯಿ, ಗುಡಿಗೋಪುರ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದುಕೊಟ್ಟವಳು ಅವಳೇ. ಅವಳ ಮೈಮೇಲೆ ಹೋಗುವ ಕೊನೆಯ ಸೀರೆ ತಮ್ಮ ಮನೆಯದಾಗಲಿ ಎಂದು ಹೆಂಗಸರಿಗೆ ಹಟ. ಅಳುತ್ತಲೇ ಕಿತ್ತಾಡುತ್ತಿದ್ದರು, ಕಿತ್ತಾಡುತ್ತಲೇ ಅಳುತ್ತಿದ್ದರು.

ಗಂಡ ವೆಂಕಟೇಶಪ್ಪ ಗೋಡೆಗೊರಗಿ ಕೂತು ಕೇಳಿಸಿಕೊಳ್ಳುತ್ತಿದ್ದ. ಹೆಂಡತಿಯ ಹೆಣದ ಮುಂದೆ ಎದೆಯುಬ್ಬಿದರೆ ನೋಡಿದವರು ಏನಂದಾರು? ಆದರೂ ಉಬ್ಬುತ್ತಿತ್ತು. ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯ್ದವನು ತಾನು, ಊರ ತುಂಬ ಹೆಸರು ಅವಳದು. ಇರಲಿ ಬಿಡಿ, ಹೆಸರೇನು ಮನೆ ಬಿಟ್ಟು ಹೋಗಿತ್ತೇ!

ಅಷ್ಟರಲ್ಲಿ ಬಾಗಿಲ ಬಳಿ ಜನ ಸರಿದರು. ಸೊಸೈಟಿಗೆ ಎಂಟು ತಿಂಗಳ ಹಿಂದೆ ಸೇರಿದ್ದ ವೀಣಾ, ದೊಡ್ಡಉಳ್ಳಾರ್ತಿಯ ಹುಡುಗಿ, ಚಪ್ಪಲಿಯಿಲ್ಲದೆ ಓಡಿಬಂದಿದ್ದಳು.

"ಯಜಮಾನ್ರೇ, ಕರೆಂಟ್ ಹೋಗೈತೆ. ಯುಪಿಎಸ್ ಕೂಗ್ತೈತೆ. ಬ್ಯಾಟರಿ ಇಪ್ಪತ್ತು ನಿಮಿಷ ಬಂದ್ರೆ ಹೆಚ್ಚು. ಕಂಪ್ಯೂಟರ್‌ನಾಗೆ ಅಮ್ಮಂದು ಇನ್ನೂ ನಡೀತಾನೇ ಐತೆ!"

"ಬೀದಿಲೆಲ್ಲ ಐತಲ್ಲೇ ಕರೆಂಟು?" ಎಂದಳು ಮಂಜಮ್ಮ.

ವೀಣಾಳ ಹಿಂದೆಯೇ ಸೊಸೈಟಿಯ ಮುದಿ ಜವಾನ ಚಿಕ್ಕೀರಪ್ಪ ಬಂದ. ಅವನ ಕೈಯಲ್ಲಿ ಮೇನ್ ಸ್ವಿಚ್ಚಿನ ಕಬ್ಬಿಣದ ಹಿಡಿ.

"ನಂದೇ ತಪ್ಪು ಸ್ವಾಮಿ. ದಾಸಣ್ಣೋರು ಎಲ್ಲಾ ಆರ್ಸ್ರಿ ಅಂದ್ರು. ನಾನು ಮೇನ್ ಎಳದೆ. ಹಿಡಿ ಕೈಗೇ ಬಂತು."

ಬೀದಿಯ ಹಿರಿಯ ದಾಸಣ್ಣ ಬೆಚ್ಚಿದ. "ಲೇ, ನಾನೆಲ್ಲಿ ಆರ್ಸು ಅಂದ್ನೋ? ಮಗ್ಗಾಲು ಆಪಂಡ್ರಾ, ಅನ್ನೀ ಆಪಂಡಿ, ಅಂದೆ!"

ನೇಕಾರ ಸತ್ತರೆ ಮೂರು ದಿನ ಬೀದಿಯಲ್ಲಿ ಲಾಳಿ ಓಡಬಾರದು, ಇದು ಅಲ್ಲಿಯ ವಾಡಿಕೆ. ಮಗ್ಗಗಳನ್ನೆಲ್ಲ ನಿಲ್ಲಿಸಿ ಎಂದು ದಾಸಣ್ಣ ಅದನ್ನೇ ತೆಲುಗಿನಲ್ಲಿ ಕೂಗಿದ್ದ. ತೆಲುಗಿನ ಆಪು ಎಂದರೆ ನಿಲ್ಲಿಸು. ಆರ್ಪು ಎಂದರೆ ಆರಿಸು. ಮೂವತ್ತು ವರ್ಷ ತೆಲುಗಿನವರ ನಡುವೆ ಟೀ ಹಂಚಿದರೂ ಚಿಕ್ಕೀರಪ್ಪನ ಕನ್ನಡದ ಕಿವಿಗೆ ಎರಡೂ ಒಂದೇ. ಒಂದಕ್ಷರ ಅತ್ತಿತ್ತಾದದ್ದಕ್ಕೆ ಗೋವಿಂದಮ್ಮನ ಆರು ವರ್ಷದ ಪಾಡು ಮಣ್ಣುಪಾಲಾಗಲು ಕೂತಿತ್ತು.

"ಲೈನ್‌ಮನ್ ಕರೀರಿ," ಎಂದ ಯಾರೋ.

"ಕರದ್ವಿ. ಸಂಜೆ ಬರ್ತೀನಿ ಅಂದ," ಎಂದಳು ವೀಣಾ.

*

ಆ ಪಾಡೇನೆಂದು ಹೇಳಬೇಕು.

ಸೊಸೈಟಿಯ ಡಿಸೈನ್ ಸಾಫ್ಟ್‌ವೇರ್ ಹಳೇ ಕಾಲದ್ದು, ಹಳೇ ಕಂಪ್ಯೂಟರಿನಲ್ಲಿ ಮಾತ್ರ ನಡೆಯುವಂಥದ್ದು. ಆ ಕಂಪ್ಯೂಟರು ಕೆಮ್ಮತೊಡಗಿದಾಗ ಚಳ್ಳಕೆರೆಯಲ್ಲಿ ಅಂಗಡಿ ಇಟ್ಟಿದ್ದ ಚೌಡೇಶ್ ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ಇದ್ದ ಹಾಗೇ ಎತ್ತಿ ಹೊಸ ಕಂಪ್ಯೂಟರಿನೊಳಗೆ ಇಳಿಸಿದ. ಹೊಸದರ ಪರದೆಯಲ್ಲಿ ಒಂದು ಕಿಟಕಿ, ಆ ಕಿಟಕಿಯೊಳಗೆ ಹಳೆಯ ಕಂಪ್ಯೂಟರು. ಅವನು ಅದನ್ನು ವರ್ಚುವಲ್ ಮಷಿನ್ ಎಂದ. ಗೋವಿಂದಮ್ಮ ಒಳಗಿನದು, ಹೊರಗಿನದು ಎಂದು ಎರಡೇ ಮಾತಿನಲ್ಲಿ ಮುಗಿಸಿದಳು.

ಆ ಸಾಫ್ಟ್‌ವೇರಿಗೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ, ಹೆಬ್ಬೆಟ್ಟಿನಷ್ಟು ಒಂದು ಕೀಲಿ ಇತ್ತು. ತೆರೆಯುವಾಗ ಮಾತ್ರ ಅದನ್ನು ಕೇಳುತ್ತಿತ್ತು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಗುಡುಗು ಮಿಂಚಿಗೆ ಕೀಲಿ ಸುಟ್ಟುಹೋಯಿತು. ಮಾಡಿಕೊಟ್ಟ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಪುಣ್ಯಕ್ಕೆ ಆ ಹೊತ್ತಿಗೆ ಸಾಫ್ಟ್‌ವೇರ್ ತೆರೆದೇ ಇತ್ತು.

"ಇನ್ಮೇಲೆ ಒಳಗಿಂದು ಒಂದ್ಸಲ ಆರಿದ್ರೆ ಮುಗೀತು ಅಮ್ಮ," ಎಂದ ಚೌಡೇಶ್. "ನಾನೂರು ಡಿಸೈನ್ ಒಳಗೇ ಉಳೀತವೆ. ಬೇರೆ ಕಂಪ್ಯೂಟರ್‌ಗೆ ನಕಲು ಹಾಕಿ ನೋಡ್ದೆ, ಏಳ್ಲಿಲ್ಲ. ಎಷ್ಟು ದಿನ ಕಾಯ್ತೀರಾ? ಹೊರಗಿಂದು ತಿಂಗಳಿಗೊಂದ್ಸಲ ಅಪ್‌ಡೇಟ್ ಅಂತ ತಾನೇ ರೀಸ್ಟಾರ್ಟ್ ಆಗ್ತೈತೆ."

"ಆಗ್ಲಿ ಬಿಡಪ್ಪ. ಅದು ಆಗೋಕೆ ಮುಂಚೆ ನಾನು ಇದನ್ನ ಮಲಗಿಸ್ತೀನಿ," ಎಂದಳು ಗೋವಿಂದಮ್ಮ.

ಮಲಗಿಸಿದಳು. ಹೊರಗಿನದು ಅಪ್‌ಡೇಟ್ ಕೇಳಿದಾಗಲೆಲ್ಲ ಒಳಗಿನದನ್ನು ಇದ್ದ ಸ್ಥಿತಿಯಲ್ಲೇ, ತೆರೆದದ್ದು ತೆರೆದ ಹಾಗೆ, ಅರ್ಧ ಬರೆದದ್ದು ಅರ್ಧ ಬರೆದ ಹಾಗೆ ಹಿಡಿದಿಟ್ಟು ಮಲಗಿಸುವುದು. ಹೊರಗಿನದು ಆರಿ, ಹೊತ್ತಿ, ಸುಧಾರಿಸಿಕೊಂಡ ಮೇಲೆ ಇದನ್ನು ಎಬ್ಬಿಸುವುದು. ಎದ್ದದ್ದಕ್ಕೆ ತಾನು ಮಲಗಿದ್ದೇ ಗೊತ್ತಿಲ್ಲ. ಮಲಗಿಸುವ ಪ್ರೋಗ್ರಾಮೇ ತನ್ನದೊಂದು ಅಪ್‌ಡೇಟ್ ಕೇಳಿದರೆ ಮಾತ್ರ "ನಿಂದು ಬೇಡ, ನೀನು ಬದಲಾದ್ರೆ ಇದಕ್ಕೆ ನಿನ್ನ ಗುರುತು ಸಿಗಲ್ಲ" ಎಂದು ಗದರುತ್ತಿದ್ದಳು. ಮದುವೆ, ಜ್ವರ, ಮಗಳ ಬಾಣಂತನ ಎಲ್ಲದರ ನಡುವೆ ಒಂದು ಸಲವೂ ತಪ್ಪಿಸಲಿಲ್ಲ.

ಬುತ್ತಿ ಕೊಡಲು ಹೋದ ವೆಂಕಟೇಶಪ್ಪ ಮೊದಮೊದಲು ನಗುತ್ತಿದ್ದ. "ಏನೇ ಇದು, ಲಾಲಿ ಹಾಡೋದೊಂದು ಬಾಕಿ!"

"ನಗ್ತೀಯಾ? ಮಗ್ಗದಾಗೆ ಉದ್ದೆಳೆ ಹಾಸು ಮುಗಿದ್ರೆ ನೀನೇನ್ಮಾಡ್ತೀಯಾ? ಎಲ್ಲಾ ಬಿಚ್ಚಿ ಬಿಸಾಕ್ತೀಯಾ?"

"ಹುಚ್ಚಾ? ಹಳೇ ಹಾಸಿನ ತುದಿ ಬಿಟ್ಟಿರ್ತೀನಿ. ಹೊಸ ಹಾಸಿನ ಎಳೆ ಒಂದೊಂದೇ ತಗೊಂಡು ಅದಕ್ಕೆ ಹೊಸೀತೀನಿ."

"ಎಷ್ಟು ಎಳೆ?"

"ನಾಲ್ಕು ಸಾವಿರದ ಮೇಲೆ."

"ನಂದು ಒಂದೇ ಎಳೆ," ಎಂದು ಅವಳು ಬುತ್ತಿ ಬಿಚ್ಚಿದ್ದಳು. ಆಮೇಲೆ ಅವನು ನಗಲಿಲ್ಲ.

*

"ಬಿಡು ವೆಂಕಟೇಶ," ಎಂದ ದಾಸಣ್ಣ ಮೆತ್ತಗೆ. "ಆಗಿದ್ದು ಆಗೋಯ್ತು. ಅವಳ ಜೊತೆಗೇ ಹೋಗ್ಲಿ ಅಂತ ಇತ್ತೇನೋ. ಹೆಣ ಮನೇಲಿಟ್ಕಂಡು ಗಂಡ ಎದ್ದು ಹೋಗ್ಬಾರ್ದಪ್ಪ."

"ಅವಳ ಜೊತೆಗೆ ಹೋಗೋದು ಸೀರೆ, ಬಳೆ, ಕುಂಕುಮ. ಅದಲ್ಲ!" ವೆಂಕಟೇಶಪ್ಪನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಮಗ್ಗ ನಿಲ್ಸು ಅಂದ್ರೆ ಹಾಸು ಕತ್ತರಿಸು ಅಂತಲ್ಲ ದಾಸಣ್ಣ. ನಿಮ್ಮಪ್ಪ ಸತ್ತಾಗ ನಿಮ್ಮನೆ ಹಾಸು ಕತ್ತರಿಸಿದ್ರಾ?"

ರಾಯದುರ್ಗಕ್ಕೆ ಕೊಟ್ಟಿದ್ದ ಮಗಳು ಶ್ರೀವಾಣಿ ತಾಯಿಯ ತಲೆಯ ಬಳಿಯಿಂದ ಮುಖವೆತ್ತಿದಳು.

"ಹೋಗಪ್ಪ. ಅವ್ವನ ಹತ್ರ ನಾನಿದೀನಿ."

ಸೊಸೈಟಿ ಮೂರು ಮನೆ ಆಚೆ. ಬೀದಿಗೇ ಕೇಳುವಂತೆ ಯುಪಿಎಸ್ ಕೂಗುತ್ತಿತ್ತು. ಪರದೆಯ ಮೇಲೆ ಅರ್ಧ ಗಿಳಿ. ಕುರ್ಚಿ ನಿನ್ನೆ ಹಿಂದಕ್ಕೆ ಜರುಗಿದ್ದು ಹಾಗೇ ಇತ್ತು. ವೆಂಕಟೇಶಪ್ಪ ಅದನ್ನು ತಾನೇ ಮುಂದಕ್ಕೆಳೆದ.

"ಕೂತ್ಕ ತಾಯಿ."

"ಅಮ್ಮ ನನ್ನ ಕೈಲಿ ಒಂದ್ಸಲಾನೂ ಮಾಡಿಸಿಲ್ಲ. ನೋಡ್ಕ, ಮುಟ್ಬೇಡ ಅಂತಿದ್ರು." ವೀಣಾ ಕೂತು ಮೌಸ್ ಹಿಡಿದಳು. "ಮಲಗೋಕೆ ನಾಲ್ಕೈದು ನಿಮಿಷ ಬೇಕು. ಅಷ್ಟರೊಳಗೆ ಬ್ಯಾಟರಿ ಹೋದ್ರೆ ಅರ್ಧಕ್ಕೇ ಸಾಯ್ತೈತೆ. ನನ್ನ ಕೈಲಿ ಸತ್ತಂಗಾಗ್ತೈತೆ ಯಜಮಾನ್ರೇ."

"ನಿನ್ನ ಕೈಲಿ ಅಲ್ಲ, ನಾನು ಹೇಳಿದ್ದಕ್ಕೆ ಅಂತ ಊರಿಗೆಲ್ಲ ಹೇಳ್ತೀನಿ. ಚಿಕ್ಕೀರಪ್ಪ, ಆ ಬ್ಯಾಟರಿಗೆ ಇನ್ನೇನೇನು ಹಾಕಿದೀರಿ? ಎಲ್ಲಾ ಕಿತ್ತಾಕು."

ಚಿಕ್ಕೀರಪ್ಪ ಬಗ್ಗಿ ಪ್ರಿಂಟರ್ ಕಿತ್ತ, ಫ್ಯಾನ್ ಕಿತ್ತ, ಅಧ್ಯಕ್ಷರ ಮೊಬೈಲ್ ಚಾರ್ಜರ್ ಕಿತ್ತು ಮೂಲೆಗೆಸೆದ. ವೀಣಾ ಕಿಟಕಿಯ ಮೂಲೆಯ ಗುರುತು ಒತ್ತಿದಳು. ಸಣ್ಣದೊಂದು ಪೆಟ್ಟಿಗೆ ತೆರೆದು ಮೂರು ಸಾಲು ತೋರಿಸಿತು. ವೆಂಕಟೇಶಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಬುತ್ತಿ ಹಿಡಿದು ನಿಂತಾಗ ಹೆಂಡತಿ ಗೊಣಗಿದ್ದನ್ನು ಎಷ್ಟು ಸಲ ಕೇಳಿದ್ದ! ಮೊದಲನೇದು ಮಲಗಿಸೋದು, ಎರಡನೇದು ಮುಚ್ಚೋದು, ಮೂರನೇದು ಕೊಲ್ಲೋದು.

"ಮೊದಲನೇ ಸಾಲು," ಎಂದ ಅವನು.

"ಹೂಂ, ಮೊದಲನೇದು," ಎಂದು ವೀಣಾ ಒತ್ತಿದಳು.

ಒಂದು ಪಟ್ಟಿ ಎಡದಿಂದ ತುಂಬಿಕೊಳ್ಳತೊಡಗಿತು. ಹತ್ತು. ಇಪ್ಪತ್ತೆರಡು. ನಲವತ್ತರಲ್ಲಿ ಸುಮ್ಮನೆ ನಿಂತಿತು. ಬಿಟ್ಟುಬಿಟ್ಟು ಕೂಗುತ್ತಿದ್ದ ಯುಪಿಎಸ್ ಈಗ ಉಸಿರು ಬಿಡದೆ ಕೂಗುತ್ತಿತ್ತು. ಚಿಕ್ಕೀರಪ್ಪ ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಒಂದಲ್ಲ ಎರಡು ತೆಂಗಿನಕಾಯಿ ಹರಸಿಕೊಂಡ. ಎಪ್ಪತ್ತು. ತೊಂಬತ್ತಾರು. ಕಿಟಕಿ ಮುಚ್ಚಿತು. ವೀಣಾ ಹೊರಗಿನದನ್ನೂ ಕ್ರಮವಾಗಿ ಆರಿಸಿದಳು, ಅದು ಪೂರಾ ಕಪ್ಪಾದ ಸ್ವಲ್ಪ ಹೊತ್ತಿಗೆ ಯುಪಿಎಸ್ಸಿನ ಕೂಗೂ ನಿಂತಿತು.

"ಎದ್ರೆ ಗೊತ್ತು," ಎಂದಳು ವೀಣಾ ಬೆವರು ಒರೆಸಿಕೊಂಡು. "ಎಬ್ಬಿಸೋವರೆಗೂ ಹೇಳಂಗಿಲ್ಲ."

ಮಣ್ಣಿಗೆ ಊರಿಗೆ ಊರೇ ಬಂತು. ಸೀರೆಯ ಜಗಳ ಶ್ರೀವಾಣಿ ಬಗೆಹರಿಸಿದ್ದಳು. ನೀಲಿಯನ್ನು ಉಡಿಸಿ, ಕೆಂಪನ್ನು ಹೊದಿಸಿ, ಬೀದಿಯ ಮನೆಮನೆಯಿಂದ ಬಂದಿದ್ದ ಉಳಿದ ಒಂಬತ್ತನ್ನು ಚಟ್ಟಕ್ಕೆ ಕಟ್ಟಿದ್ದಳು. ಚಳ್ಳಕೆರೆಯಿಂದ ಹಾರ ಹಿಡಿದು ಬಂದ ಚೌಡೇಶ್ ದಾರಿಯುದ್ದಕ್ಕೂ ಕಂಡವರಿಗೆಲ್ಲ ಹೇಳುತ್ತಿದ್ದ.

"ದೊಡ್ಡ ದೊಡ್ಡ ಆಫೀಸ್ನೋರು ಇಂಥದ್ನ ಆರಿಸ್ದಂಗೆ ಆರು ತಿಂಗಳು ಇಟ್ಕಳಕ್ಕಾಗ್ದೆ ಕೈ ಚೆಲ್ತಾರೆ. ಈಯಮ್ಮ ಎಸ್ಸೆಲ್ಸಿ. ಆರು ವರ್ಷ! ನಾನು ಕಲಿಸಿದ್ದು ಒಂದು ದಿನ, ಆಮೇಲೆ ನಾನೇ ಕೇಳ್ಕಂಡು ಬರ್ತಿದ್ದೆ."

ವೆಂಕಟೇಶಪ್ಪ ಅದನ್ನು ಕೇಳಿಸಿಕೊಳ್ಳಲೆಂದೇ ಹೆಜ್ಜೆ ನಿಧಾನ ಮಾಡಿದ. ಗುಂಡಿಗೆ ಮೂರು ಹಿಡಿ ಮಣ್ಣು ಹಾಕುವಾಗ ಮಾತ್ರ ತಡೆಯಲಾಗಲಿಲ್ಲ, ಮಗುವಿನ ಹಾಗೆ ಅತ್ತುಬಿಟ್ಟ.

ಇಳಿಹೊತ್ತಿಗೆ ಲೈನ್‌ಮನ್ ಬಂದು ಹಿಡಿ ಕೂಡಿಸಿದ. ಸ್ನಾನ ಮುಗಿಸಿ ದೀಪಕ್ಕೆ ಕೈಮುಗಿದ ವೆಂಕಟೇಶಪ್ಪ ಒದ್ದೆ ತಲೆಯಲ್ಲೇ ಸೊಸೈಟಿಗೆ ನಡೆದ. ಹಿಂದೆ ಅರ್ಧ ಬೀದಿ. ಹೊರಗಿನದು ಹೊತ್ತಿಕೊಂಡದ್ದೇ, ಇದೇ ಸಮಯವೆಂದು ಅಪ್‌ಡೇಟ್ ಶುರು ಮಾಡಿತು. ಮೂವತ್ತು ಪರ್ಸೆಂಟ್, ಆರಿಸಬೇಡಿ. ಎಂಬತ್ತು ಪರ್ಸೆಂಟ್, ಆರಿಸಬೇಡಿ. ಒಮ್ಮೆ ತಾನೇ ಆರಿ ಮತ್ತೆ ಹೊತ್ತಿತು.

"ಅದಕ್ಕೂ ಗೊತ್ತಾಗೈತೆ, ಕೇಳೋರಿಲ್ಲ ಅಂತ," ಎಂದು ಮಂಜಮ್ಮ ಶಾಪ ಹಾಕಿದಳು.

ಕೊನೆಗೆ ವೀಣಾ ಎಬ್ಬಿಸುವ ಗುಂಡಿ ಒತ್ತಿದಳು. ಕಿಟಕಿ ತೆರೆಯಿತು, ಪೂರಾ ಕಪ್ಪು. ಪಟ್ಟಿ ತುಂಬಿತು. ಕಪ್ಪು ಸರಿದು, ಚೌಕದ ಕಾಗದದ ಮೇಲೆ ಗಿಳಿ ಬಂದು ಕೂತಿತು. ಕೊಕ್ಕು, ಕಣ್ಣು, ಕತ್ತು, ಅರ್ಧ ರೆಕ್ಕೆ. ಕೀಲಿ ಕೇಳಲಿಲ್ಲ.

ಚೌಡೇಶ್ ಎರಡೂ ಕೈ ತಲೆಯ ಮೇಲಿಟ್ಟು ನಕ್ಕ. ಚಿಕ್ಕೀರಪ್ಪ ಗೋಡೆಗೆ ಹಣೆ ಒತ್ತಿದ. ವೀಣಾ ಪರದೆಯ ಮೇಲೆ ಬೆರಳಿಟ್ಟಳು. "ನಿನ್ನೆ ಅಮ್ಮ ಇಲ್ಲಿಗೆ ಬಂದಿದ್ರು. ಈ ಚೌಕ. ಮುಂದೆ ಏನು ಮನಸಲ್ಲಿತ್ತೋ."

ವೆಂಕಟೇಶಪ್ಪ ಬಗ್ಗಿ, ತುಟಿಯಲ್ಲೇ ಎಳೆ ಎಣಿಸಿದ. ತುಂಬಿದ ಒಂದು ಚೌಕ ಎಂದರೆ ಮಗ್ಗದಲ್ಲಿ ಎತ್ತುವ ಒಂದು ಎಳೆ. ಮಗ್ಗದವನಿಗೆ ರೆಕ್ಕೆ ಎತ್ತ ಹೊರಟಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

"ಎರಡು ಎತ್ತು, ಒಂದು ಬಿಡು. ಆಮೇಲೆ ಮೂರು ಎತ್ತು. ಹಾಕು."

"ಇವತ್ತಾ?" ವೀಣಾ ತಿರುಗಿ ದಾಸಣ್ಣನ ಕಡೆ ನೋಡಿದಳು.

"ನನ್ನೇನು ನೋಡ್ತೀಯಾ? ಲಾಳಿ ಓಡಂಗಿಲ್ಲ ಅಂದೆ. ಗಿಳಿಗೆ ರೆಕ್ಕೆ ಬರ್ಬಾರ್ದು ಅಂದ್ನಾ?"

ಗೋವಿಂದಮ್ಮನ ಚೌಕದ ಪಕ್ಕದ ಚೌಕ ಹಸಿರಾಯಿತು. ಅದರ ಪಕ್ಕದ್ದೂ ಆಯಿತು. ಒದ್ದೆ ತಲೆಯಿಂದ ಮೇಜಿನ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೂ ವೆಂಕಟೇಶಪ್ಪ ಒರೆಸಿಕೊಳ್ಳದೆ ಮುಂದಿನ ಸಾಲು ಎಣಿಸುತ್ತಿದ್ದ.