ಅಕ್ಕನ ಬಾವಿ ಸೇರಿದ ಅಧ್ಯಾಯ

ನಮ್ಮ ಜಿಲ್ಲೆಯ ಕೈಪಿಡಿ ಬರೆದವನು ನಾನೇ. ಮೊದಲ ಅಧ್ಯಾಯ ಭೂಗೋಳ, ಎರಡನೆಯದು ಇತಿಹಾಸ, ಮೂರನೆಯದು ನೋಡತಕ್ಕ ಸ್ಥಳಗಳು. ಬೆಟ್ಟ ಎಷ್ಟು ಎತ್ತರ, ಹೊಳೆ ಎಲ್ಲಿ ತಿರುಗುತ್ತದೆ, ಕೋಟೆಯ ಗೋಡೆ ಯಾರ ಕಾಲದಲ್ಲಿ ಬಿತ್ತು, ಎಲ್ಲವನ್ನೂ ಎರಡು ವರ್ಷ ಊರೂರು ಅಲೆದು ಬರೆದೆ. ಕಚೇರಿಯಲ್ಲಿ ನನಗೆ ‘ತಕ್ಕಡಿ’ ಎಂದು ಅಡ್ಡಹೆಸರು. ಯಾರ ಮುಲಾಜಿಗೂ ಬಗ್ಗುವ ಆಸಾಮಿ ಅಲ್ಲ ಅಂತ. ಆ ಹೆಸರು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಕ್ಕನ ಮನೆಯ ಹಿಂದೆ, ಸರ್ಕಾರಿ ಜಾಗದಲ್ಲಿ, ಒಂದು ಹಳೆಯ ಮೆಟ್ಟಿಲುಬಾವಿ ಇತ್ತು. ಭಾವ ತೀರಿಕೊಂಡ ವರ್ಷ, ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು, ಅವಳು ಕುಡುಗೋಲು ಹಿಡಿದು ಅದರೊಳಗೆ ಇಳಿದಳು. ಮುಳ್ಳು ಕಡಿದು, ಬುಟ್ಟಿ ಬುಟ್ಟಿ ಹೂಳು ಹೊತ್ತು, ಹನ್ನೊಂದು ವರ್ಷದಲ್ಲಿ ಅರವತ್ತೆರಡು ಮೆಟ್ಟಿಲನ್ನೂ ಬಯಲಿಗೆ ತಂದಳು.

“ನಿನ್ನ ಪುಸ್ತಕದಲ್ಲಿ ನಾಲ್ಕು ಸಾಲು ಬರಿಯೋ. ಪುಸ್ತಕದಲ್ಲಿದ್ರೆ ಯಾರೂ ಅದರ ತಂಟೆಗೆ ಬರಲ್ಲ,” ಅಂದಳು.

ಬರೆದೆ, ಒಂದು ಇಡೀ ಪುಟ. ಅಚ್ಚಿಗೆ ಕಳಿಸುವ ದಿನ ಪಕ್ಕದ ಮೇಜಿನ ಟೈಪಿಸ್ಟ್ ಅದನ್ನು ಓದಿ ನಕ್ಕ. “ಏನ್ರೀ ತಕ್ಕಡಿ, ಅಕ್ಕನ ಹಿತ್ತಲೂ ನೋಡೋ ಸ್ಥಳ ಆಗೋಯ್ತಾ?” ನನಗೆ ಮೈಯೆಲ್ಲ ಉರಿದುಹೋಯಿತು. ಪುಟವನ್ನು ತೆಗೆದು ಮೇಜಿನ ಖಾನೆಗೆ ತುರುಕಿದೆ. ಮುಂದಿನ ಮುದ್ರಣಕ್ಕೆ ನೋಡೋಣ ಎಂದದ್ದಕ್ಕೆ ಅಕ್ಕ, “ಆಯ್ತು ಬಿಡು” ಅಂದಳು, ಅಷ್ಟೇ.

ಎರಡು ವರ್ಷದ ಮೇಲೆ ರಸ್ತೆ ಎಂಜಿನಿಯರ್ ಫೋನ್ ಮಾಡಿದರು. “ಹೊಸ ರಸ್ತೆ ದಾರೀಲಿ ಹಳೇದೇನಾದ್ರೂ ಇದ್ರೆ ಬಳಸ್ಕೊಂಡು ಹೋಗ್ಬೇಕು. ನಿಮ್ಮ ಕೈಪಿಡೀಲಿ ಏನೂ ಕಾಣ್ತಿಲ್ಲ. ಬಿಟ್ಟುಹೋಗಿರೋದು ಇದೆಯಾ?”

ಯಾವ ರಸ್ತೆ ಎಂದು ಒಂದು ಮಾತು ಕೇಳಬಾರದಿತ್ತೇ ನಾನು? ನನ್ನ ಪುಸ್ತಕದಲ್ಲಿ ಬಿಟ್ಟುಹೋಗುವುದೇ ಎಂದು ಮೂಗಿನ ತುದಿಗೆ ಕೋಪ ಬಂತು. “ಅದರಲ್ಲಿ ಇಲ್ಲ ಅಂದ್ರೆ ಜಿಲ್ಲೇಲೇ ಇಲ್ಲ ಸ್ವಾಮಿ,” ಎಂದು ಫೋನ್ ಕುಕ್ಕಿದೆ.

ರಸ್ತೆ ಅಕ್ಕನ ಹಿತ್ತಲಿಗೇ ಬಂತೆಂಬ ಸುದ್ದಿ ತಿಳಿದು ಓಡಿಹೋಗುವಷ್ಟರಲ್ಲಿ ಬಾವಿಗೆ ಬಾಯಿಮಟ್ಟ ಮಣ್ಣು ಬಿದ್ದಿತ್ತು. ಮೇಲೆ ರೋಲರ್ ಓಡಾಡುತ್ತಿತ್ತು. ಅಕ್ಕ ಹಿಂಬಾಗಿಲಲ್ಲಿ ನಿಂತಿದ್ದಳು.

“‘ಪುಸ್ತಕ ಬರೆದೋರನ್ನೇ ಕೇಳಿದ್ವಿ, ಇಲ್ಲ ಅಂದ್ರು’ ಅಂತ ಹೇಳಿದ್ರು ರಸ್ತೆಯೋರು,” ಎಂದಳು. “ಬರೆದೋನು ನನ್ನ ತಮ್ಮ ಅಂತ ನಾನು ಹೇಳ್ಲಿಲ್ಲ. ನಿನ್ನ ಹೆಸರು ಯಾಕೆ ಕೆಡಿಸ್ಲಿ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈಗ ಎರಡನೇ ಮುದ್ರಣ ಬರುತ್ತಿದೆ. ಖಾನೆಯಲ್ಲಿದ್ದ ಪುಟವನ್ನು ಹುಡುಕಿ ತೆಗೆದೆ. ಅದಕ್ಕೆ ಮೂರನೇ ಅಧ್ಯಾಯದಲ್ಲಿ ಇನ್ನು ಜಾಗವಿಲ್ಲ. ಎರಡನೆಯದರ, ಇತಿಹಾಸದ, ಕೊನೆಗೆ ಸೇರಿಸಿ, ಮೊನ್ನೆ ಮಧ್ಯಾಹ್ನ ಅಕ್ಕನ ಅಡುಗೆಮನೆಯಲ್ಲಿ ಕೂತು ಓದಿಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

“ಅಂಗೈ ಗುರುತು ಬರ್ದೇ ಇಲ್ವಲ್ಲೋ?”

“ಯಾವ ಅಂಗೈ?”

“ಮೂವತ್ತನೇ ಮೆಟ್ಟಿಲ ಹತ್ರ, ಗೋಡೇಲಿ. ಕಲ್ಲು ಕೆತ್ತಿದೋನು ತನ್ನ ಕೈ ಅಚ್ಚು ಕೆತ್ತಿಟ್ಟಿದ್ದ. ದಿನಾ ಅದರ ಮೇಲೆ ಕೈ ಇಟ್ಟೇ ಇಳೀತಿದ್ದೆ. ನೀನು ನೋಡಿಲ್ವಾ?”

ನೋಡಿರಲಿಲ್ಲ. ಊರೂರು ಅಲೆದವನು ಆ ಬಾವಿಯಲ್ಲಿ ನಾಲ್ಕು ಮೆಟ್ಟಿಲೂ ಇಳಿದಿರಲಿಲ್ಲ. ಅಕ್ಕನ ಮನೆಯದು ತಾನೇ, ಯಾವಾಗ ಬೇಕಾದರೂ ನೋಡಬಹುದು ಎಂದುಕೊಂಡು ಮೇಲೆ ನಿಂತೇ ಪುಟ ತುಂಬಿಸಿದ್ದೆ.

“ಎಷ್ಟು ದೊಡ್ಡದಿತ್ತಕ್ಕಾ?” ಎಂದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ ನನ್ನ ಹಾಳೆಯ ಮೇಲೆ ಇಟ್ಟಳು. “ಇಷ್ಟೇ. ನನ್ನ ಕೈಯಷ್ಟೇ.”

ನಾನು ಪೆನ್ಸಿಲ್ ತೆಗೆದು ಅವಳ ಬೆರಳುಗಳ ಸುತ್ತ ಗೆರೆ ಎಳೆಯತೊಡಗಿದೆ. ಹೆಬ್ಬೆರಳ ಹತ್ತಿರ ಗೆರೆ ಸೊಟ್ಟಗಾಯಿತು.

“ನಿಧಾನ ಮಾಡು,” ಎಂದಳು ಅಕ್ಕ. “ನಾನೇನು ಕೈ ತೆಗೆಯಲ್ಲ.”