ಟೇಪಿಗೆ ಸಿಗದ ಸುತ್ತು

ಹೋದ ವರ್ಷ ನನ್ನ ಮಾವ ಮಲ್ಲಿಕಾರ್ಜುನಪ್ಪನವರ ಸೊಂಟದಲ್ಲಿ ಸರ್ಪಸುತ್ತು ಎದ್ದಾಗ, ದಿನಾ ಬೆಳಿಗ್ಗೆ ಟೇಪು ಹಿಡಿದು ಅದನ್ನು ಅಳೆಯುವುದೇ ನನ್ನ ಕೆಲಸವಾಗಿತ್ತು. ಬಣಕಲ್ಲಿನಲ್ಲಿ ನಮ್ಮದು ಟೈಲರ್ ಅಂಗಡಿ, ಟೇಪಿಗೇನು ಬರ? ಬೆನ್ನಿನಿಂದ ಹೊರಟ ಕೆಂಪು ಗುಳ್ಳೆಗಳು ಹೊಟ್ಟೆಯತ್ತ ಹರಿದಿದ್ದವು. ಸುತ್ತಿ ಬಂದು ಹೆಡೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ, ಅದಕ್ಕೇ ಆ ಹೆಸರು ಎಂದು ಊರೆಲ್ಲ ಹೆದರಿಸಿತ್ತು. ಹದಿನೇಳು ಇಂಚಿಗೆ ನಿಂತಿತು. ಕೆಮ್ಮಣ್ಣು ಹಚ್ಚಿದ್ದಕ್ಕೇ ನಿಂತದ್ದು ಎಂದು ಮಾವ ಇವತ್ತಿಗೂ ಮೀಸೆ ತಿರುವುತ್ತಾರೆ.

ಈ ಸಲ ಗುಳ್ಳೆ ಎದ್ದದ್ದು ನನ್ನ ಗಂಡ ಪ್ರಸನ್ನಕುಮಾರರ ಹಣೆಯಲ್ಲಿ, ಎಡಗಣ್ಣಿನ ಮೇಲೆ. ಉರಿ ತಾಳದೆ ಒದ್ದಾಡಿದರು.

"ಮಾವ, ಇದೂ ಅದೇ ಇರ್ಬಹುದಾ?"

"ನಿಂಗೆಲ್ಲೋ ಭ್ರಾಂತು. ಸುತ್ತು ಅಂದ್ಮೇಲೆ ಸುತ್ತಬೇಕಲ್ಲ, ಹಣೇಲಿ ಎಲ್ಲಿ ಸುತ್ತತ್ತೆ? ಇದು ಕಂಬಳಿಹುಳದ್ದು. ನಿನ್ನೆ ಅವ್ನು ಸೌದೆಗೆ ತೋಟಕ್ಕೆ ಹೋಗಿದ್ನಲ್ಲ."

ಅನುಭವಸ್ಥರ ಮಾತೆಂದು ನಂಬಿದೆ. ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ. ಮೂರು ದಿನ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದೆ. ನಾಲ್ಕನೆಯ ದಿನ ಬೆಳಿಗ್ಗೆ ರೆಪ್ಪೆ ಊದಿ ಕಣ್ಣು ಮುಚ್ಚಿತ್ತು. ಬಿಡಿಸಿ ನೋಡಿದರೆ ಒಳಗೆಲ್ಲ ಕೆಂಪು. ಮಾವನನ್ನು ಒಂದು ಮಾತೂ ಕೇಳದೆ ಗಂಡನನ್ನು ಮೂಡಿಗೆರೆ ಬಸ್ಸು ಹತ್ತಿಸಿದೆ.

ಡಾಕ್ಟರಮ್ಮ ನೋಡಿದವರೇ ಸರ್ಪಸುತ್ತು ಎಂದರು. "ಇಷ್ಟು ದಿನ ಯಾಕಮ್ಮ ಸುಮ್ನಿದ್ರಿ?"

"ಸೊಂಟಕ್ಕೆ ಮಾತ್ರ ಬರತ್ತೆ ಅಂದ್ಕೊಂಡಿದ್ವಿ ಮೇಡಂ. ಪೂರ್ತಿ ಸುತ್ತಿದ್ರೆ ಅಪಾಯ ಅಂತ..."

"ಅದು ಪೂರ್ತಿ ಸುತ್ತೋದೇ ಇಲ್ಲ. ಒಂದು ಕಡೆಯ ನರ ಹಿಡ್ಕೊಂಡು ಬಂದು ಮೈಯ ಮಧ್ಯದ ಗೆರೆಗೆ ನಿಲ್ಲತ್ತೆ. ನೋಡಕ್ಕೆ ಹಾವಿನ ಹಾಗಿದೆ ಅಂತ ಹಿಂದಿನೋರು ಹೆಸರಿಟ್ರು. ಹೆದರ್ಬೇಕಾದ್ದು ಹೀಗೆ ಕಣ್ಣ ಹತ್ರ ಬಂದಾಗ."

ಕೂಡಲೇ ಮಂಗಳೂರಿನ ಕಣ್ಣಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕಣ್ಣು ಉಳಿಯುತ್ತದೆಯೇ ಎಂದು ಕೇಳಿದೆ. ಮೊದಲು ಬಸ್ಸು ಹತ್ತಿ ಎಂದರು.

ನನ್ನ ಗಂಡ ಸೂಜಿಗೆ ದಾರ ಪೋಣಿಸಿ ಬದುಕುವವರು. ನಮ್ಮೂರ ಮೇಲೆಯೇ ಹೋಗುವ ಮಂಗಳೂರು ಬಸ್ಸಿನಲ್ಲಿ ನೋವಿಗೆ ಎರಡೂ ಕಣ್ಣು ಮುಚ್ಚಿ ತಲೆ ಬಗ್ಗಿಸಿ ಕೂತಿದ್ದರು. ಹೆದರಬೇಕಿಲ್ಲದ ಸೊಂಟಕ್ಕೆ ಟೇಪು ಹಿಡಿದವಳು, ಹೆದರಬೇಕಾದ ಹಣೆಗೆ ಅರಿಶಿನ ಬಳಿದುಕೊಂಡು ಕೂತೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಬಸ್ಸು ಒಂದು ಕಡೆ ನಿಂತಾಗ ತಡೆಯಲಾಗಲಿಲ್ಲ. ಅವರ ಬಲಗಣ್ಣಿಗೆ ಅಂಗೈ ಮುಚ್ಚಿ, ಎಡರೆಪ್ಪೆಯನ್ನು ಮೆಲ್ಲಗೆ ಬಿಡಿಸಿದೆ.

"ಎದುರಿಗೆ ಬೋರ್ಡಿದೆ ನೋಡಿ. ಯಾವೂರು ಅಂತ ಓದಿ."

"ಕಾಣ್ತಿದೆ ಮಾರಾಯ್ತಿ, ಹೆದರ್ಬೇಡ" ಎಂದು ನಗಲು ನೋಡಿದರು. "ಬಣಕಲ್ ಅಂತಿದೆ."

ಬಣಕಲ್ ದಾಟಿ ಆಗಲೇ ಕಾಲು ಗಂಟೆಯಾಗಿತ್ತು. ಬೋರ್ಡಿನಲ್ಲಿ ಆಳೆತ್ತರದ ಅಕ್ಷರದಲ್ಲಿ ಕೊಟ್ಟಿಗೆಹಾರ ಎಂದಿತ್ತು.

"ಹೌದು, ಸರಿಯಾಗಿ ಓದಿದ್ರಿ" ಎಂದೆ.